ಬೆಚ್ಚಗಿನ ಕೋಣೆ

ಹಳೆಯ ಪತ್ರಗಳನ್ನು ನಕಲು ಮಾಡಲು ಆರ್ಲ್‌ಸ್ಟನ್ ಕೋರ್ಟ್ ಎಂಬ ಹಳ್ಳಿಗಾಡಿನ ದೊಡ್ಡ ಮನೆಗೆ ಬಂದ ಮೊದಲ ದಿನವೇ ಹೆಸ್ಟರ್ ಮಾಲ್ಪಾಸ್ ಒಂದು ಸುಳ್ಳು ಹೇಳಿದಳು.

ಅಕ್ಟೋಬರಿನ ಒದ್ದೆ ಬೆಳಗು. ಮನೆಯ ಯಜಮಾನ ಗಾಡ್ಫ್ರಿ ಹ್ಯಾವರ್ಗಲ್ ಅವಳನ್ನು ಉದ್ದನೆಯ ಕತ್ತಲೆ ಕಾರಿಡಾರ್ ದಾಟಿಸಿ, ತೋಟದ ಕಡೆಗಿದ್ದ ಒಂದು ಸಣ್ಣ ಕೋಣೆಯ ಮುಂದೆ ತಂದು ನಿಲ್ಲಿಸಿದ. ಬಾಗಿಲು ತೆರೆದದ್ದೇ ತಡ, ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮೂಲೆಯಲ್ಲಿ ಕಬ್ಬಿಣದ ಒಲೆಯೊಂದು ಧಗಧಗ ಉರಿಯುತ್ತಿತ್ತು. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಚೂಪಾಗಿ ಕೆತ್ತಿಟ್ಟ ಪೆನ್ಸಿಲುಗಳು. ಹಳೆಯ ಪತ್ರಗಳ ಹತ್ತಿರ ಶಾಯಿ ತರಬಾರದೆಂಬ ನಿಯಮ ಹೇಳದೆಯೇ ಈ ಮನೆಯಲ್ಲಿ ಯಾರಿಗೋ ತಿಳಿದಿತ್ತು.

“ಈ ಕೋಣೆ ಆಗುತ್ತಾ ನಿಮಗೆ? ನಾವು ಇದನ್ನ ಬಳಸೋದೇ ಇಲ್ಲ” ಎಂದ ಅವನು, ಹೊಸ್ತಿಲ ಆಚೆಯೇ ನಿಂತು.

“ತುಂಬಾ ಚೆನ್ನಾಗಿದೆ.”

“ಶಾಖ ಜಾಸ್ತಿ ಆಯ್ತೇನೋ…”

“ಅಯ್ಯೋ, ಇಲ್ಲಪ್ಪ. ನನಗೆ ಹೀಗಿದ್ರೇ ಇಷ್ಟ.”

ಆ ಸುಳ್ಳು ಇದೇ. ಹಳ್ಳಿಗಾಡಿನ ದೊಡ್ಡ ಮನೆಗಳ ಚಳಿಯನ್ನು ಅವಳು ಬಲ್ಲವಳು. ಹಾಗಾಗಿ ಎರಡು ಒಳಂಗಿ, ಅದರ ಮೇಲೆ ಉಣ್ಣೆಯ ರವಿಕೆ, ಅದರ ಮೇಲೆ ಅಕ್ಕ ಹೆಣೆದುಕೊಟ್ಟ ದಪ್ಪ ಸ್ವೆಟರ್ ತೊಟ್ಟು ಬಂದಿದ್ದಳು. ವಯಸ್ಸು ಐವತ್ತೊಂದು. ಆ ವಯಸ್ಸನ್ನು ದಾಟಿ ಬಂದ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಯೊಳಗಿನಿಂದಲೇ ಏಳುವ ಕಾವು ಸಾಲದೆಂದು ಈಗ ಹೊರಗಿನದೂ ಸೇರಿತು. ಕಿಟಕಿ ತೆರೆಯೋಣವೆಂದರೆ ಯಾವುದೋ ಕಾಲದಲ್ಲಿ ಬಣ್ಣ ಬಳಿದಾಗ ಅದು ಚೌಕಟ್ಟಿಗೇ ಅಂಟಿಹೋಗಿತ್ತು. ಆದರೆ ಪರರ ಮನೆ, ಮೊದಲ ದಿನ. ಹಳೆಯ ಕಾಗದಗಳಿಗೆ ತೇವ ತಾಗಬಾರದೆಂದು ಒಲೆ ಉರಿಸುತ್ತಿದ್ದಾರೆ ಎಂದು ಅವಳು ತಾನೇ ಅರ್ಥ ಮಾಡಿಕೊಂಡಳು. ಪತ್ರಗಳಿಗಾಗಿ ಉರಿಯುವ ಒಲೆಯ ಮೇಲೆ ದೂರು ಹೇಳುವುದುಂಟೇ?

“ದಯವಿಟ್ಟು ನಾನಿದ್ದೀನಿ ಅಂತ ನೀವೇನೂ ಬದಲಾಯಿಸ್ಕೋಬೇಡಿ, ಮಿಸ್ಟರ್ ಹ್ಯಾವರ್ಗಲ್. ನಿಮ್ಮ ದಾರಿಗೆ ಅಡ್ಡ ಬರೋದು ನನಗೆ ಇಷ್ಟ ಇಲ್ಲ.”

“ಛೆ ಛೆ, ನಾನೇ ನಿಮಗೆ ಅಡ್ಡ” ಎಂದು ಅವನು ಮಾಯವಾದ. ಅವನ ಜೊತೆಗೆ ಬಂದಿದ್ದ ಮೇಜರ್ ಎಂಬ ಮುದಿ ನಾಯಿ ಮಾತ್ರ ಒಳಬಂದು, ಒಲೆಯ ಮುಂದೆ ಮೈಚಾಚಿ, ಇದು ತನ್ನದೇ ಜಾಗವೆಂಬಂತೆ ನಿಟ್ಟುಸಿರು ಬಿಟ್ಟಿತು.

*

ಥಿಯೋಡೋರಾ ವೇಲ್ ಬರೆದ ಕಾದಂಬರಿಗಳನ್ನು ಓದದೆ ಆ ದೇಶದಲ್ಲಿ ಯಾರೂ ಶಾಲೆ ಮುಗಿಸಿರಲಿಲ್ಲ. ಆಕೆಯ ಪುಟಪುಟದಲ್ಲೂ ಪ್ರೇಮ ಬೆಂಕಿಯಂತೆ ಉರಿಯುತ್ತಿತ್ತು. ಆಕೆ ಮಾತ್ರ ಮದುವೆಯಾಗದೆ, ನಾಲ್ಕು ಮೈಲಿ ಆಚೆಯ ಒಂದು ಪುಟ್ಟ ಮನೆಯಲ್ಲಿ ಒಂಟಿಯಾಗಿ ಮುದುಕಿಯಾದಳು. ಬದುಕಿಡೀ ಆಕೆ ತಪ್ಪದೆ ಪತ್ರ ಬರೆದದ್ದು ಒಬ್ಬನಿಗೇ. ಅವನು ಗಾಡ್ಫ್ರಿಯ ತಾತ, ಕರ್ನಲ್ ಹ್ಯಾವರ್ಗಲ್. ಹೆಂಡತಿ ತೀರಿಕೊಂಡಿದ್ದವನು. ಆ ಪತ್ರಗಳನ್ನು ಹೊರಗಿನವರು ಯಾರೂ ನೋಡಿರಲಿಲ್ಲ. ಅವುಗಳಲ್ಲಿ ಏನಿರಬಹುದೆಂದು ಊಹಿಸಿ ಊಹಿಸಿ ಪಂಡಿತರು ಸುಸ್ತಾಗಿದ್ದರು. ಈಗ ಗಾಡ್ಫ್ರಿ ಒಪ್ಪಿಗೆ ಕೊಟ್ಟಿದ್ದ, ಒಬ್ಬ ಪ್ರಕಾಶಕರು ಪುಸ್ತಕ ತರುವೆವೆಂದಿದ್ದರು, ಓದಿ ನಕಲು ಮಾಡುವ ಕೆಲಸ ಹೆಸ್ಟರಳ ಪಾಲಿಗೆ ಬಂದಿತ್ತು.

ಏನಿತ್ತು ಅವುಗಳಲ್ಲಿ? ಪಿಯರ್ ಹಣ್ಣಿನ ಮರಗಳಿದ್ದವು. ಜೇನುಗೂಡುಗಳಿದ್ದವು. ಕಟ್ಟಿಕೊಂಡ ಚರಂಡಿ, ಮಂಡಿನೋವು, ಕೋಳಿ ಕದ್ದ ನರಿ, ಚರ್ಚಿನಲ್ಲಿ ಪಾದ್ರಿಯ ಉದ್ದನೆಯ ಉಪದೇಶ. “ಈ ವರ್ಷ ಮಳೆ ಹೆಚ್ಚು. ನಿಮ್ಮ ಎದೆಯ ಕೆಮ್ಮು ಹೇಗಿದೆ? ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ವಿಧೇಯ, ಟಿ. ವೇಲ್.” ಪ್ರತಿ ಪತ್ರದ ಕೊನೆಗೂ ಅದೇ ವಿಧೇಯ. ಮೂವತ್ತು ವರ್ಷ ವಿಧೇಯ.

ಬೆಳಿಗ್ಗೆ ಊರಿನ ಬೇಕರಿಯ ಮೇಲಿನ ಬಾಡಿಗೆ ಕೋಣೆಯಿಂದ ಹೊರಟು, ಗೊರಗೊರ ಅನ್ನುವ ಪುಟ್ಟ ಕಾರಿನಲ್ಲಿ ಬಂದು, ಮಧ್ಯಾಹ್ನದ ಹೊತ್ತಿಗೆ ಬೆವರಿ ತೂಕಡಿಸಿ, ಸಂಜೆ ಕಣ್ಣುರಿಯೊಂದಿಗೆ ಹಿಂದಿರುಗುವುದು ಹೆಸ್ಟರಳ ದಿನಚರಿಯಾಯಿತು. ಹರೆಯದಲ್ಲಿ ಈ ಕೆಲಸ ಹಿಡಿದಾಗ ಅವಳಿಗೆ ಸತ್ತವರ ಪತ್ರ ಬಿಚ್ಚುವುದೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಕೈ ತಾನಾಗಿ ಬಿಚ್ಚುತ್ತದೆ, ಕಣ್ಣು ತಾನಾಗಿ ಓದುತ್ತದೆ. ಹೃದಯ ಮನೆಯಲ್ಲೇ ಮಲಗಿರುತ್ತದೆ.

ಮಲಗಿತ್ತು, ಎನ್ನಬೇಕು. ಹನ್ನೊಂದು ಗಂಟೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಅದು ಎದ್ದು ಕೂರಲು ಶುರುಮಾಡಿದ್ದು ನವೆಂಬರಿನಲ್ಲಿ. ಆ ಹೊತ್ತಿಗೆ ಗಾಡ್ಫ್ರಿ ಚಹಾದ ತಟ್ಟೆ ಹಿಡಿದು ಬರುತ್ತಿದ್ದ.

ಎತ್ತರದ ಆಳು, ಬಾಗಿಲುಗಳಿಗೆ ತಲೆ ತಾಗದಿರಲೆಂದು ಬಗ್ಗಿ ಬಗ್ಗಿ ಬೆನ್ನೇ ಬಾಗಿಹೋಗಿತ್ತು. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಹೆಂಡತಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅವನ ಸ್ವೆಟರಿನ ಮೊಣಕೈ ತೂತು ಅದನ್ನು ಹೇಳುತ್ತಿತ್ತು. ತಟ್ಟೆಯಿಟ್ಟು, “ಎಲ್ಲಾ ಸರಿಯಿದೆಯಾ?” ಎಂದು ಕೇಳಿ, ಅವಳು “ಎಲ್ಲಾ ಸರಿಯಾಗಿದೆ” ಎಂದೊಡನೆ ಓಡಿಹೋಗುತ್ತಿದ್ದ. ಕೂತುಕೊಳ್ಳಿ ಅನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಆದರೆ ಅವನದೇ ಮನೆಯಲ್ಲಿ ಅವನಿಗೆ ಕೂತುಕೊಳ್ಳಿ ಎನ್ನಲು ತಾನು ಯಾರು?

ಅವನನ್ನು ತಡೆದು ನಿಲ್ಲಿಸುವ ದಾರಿಯೊಂದಿತ್ತು. ಥಿಯೋಡೋರಾಳ ಅಕ್ಷರ. ಜೇಡ ಶಾಯಿಯಲ್ಲಿ ಬಿದ್ದು ಎದ್ದು ನಡೆದ ಹಾಗೆ. ಓದಲಾಗದ ಪದಗಳಿಗೆ ಹೆಸ್ಟರ್ ಗುರುತು ಹಾಕಿಟ್ಟುಕೊಂಡು ನಾಲ್ಕು ಗಂಟೆಗೆ ಕಾಯುತ್ತಿದ್ದಳು.

“ಇದೇನು ನೋಡ್ತೀರಾ? ‘ನಿನ್ನೆ ದೊಡ್ಡ ಪಾತ್ರೆಯಲ್ಲಿ ಬಿಷಪ್ಪರನ್ನು ಸಕ್ಕರೆ ಪಾಕ ಹಾಕಿ ಕುದಿಸಿದೆ’ ಅಂತ ಕಾಣುತ್ತೆ.”

ಗಾಡ್ಫ್ರಿ ಕನ್ನಡಕವೇರಿಸಿ ಅವಳ ಭುಜದ ಮೇಲಿನಿಂದ ಬಾಗಿದ. ತಣ್ಣನೆಯ ಗಾಳಿಯ, ಹಳೆಯ ಉಣ್ಣೆಯ ವಾಸನೆ ಅವನೊಂದಿಗೆ ಬಾಗಿತು. ಗಂಭೀರವಾಗಿ ಓದಿದ. “ಹೌದಲ್ಲ. ಬಿಷಪ್ಪರೇ.”

“ಇಡೀ ಬಿಷಪ್ಪರನ್ನಾ?”

“ದೊಡ್ಡ ಪಾತ್ರೆ ಅಂತ ಬರೆದಿದ್ದಾರಲ್ಲ” ಎಂದ. ಬಳಿಕ ಕೆಳಗಿನ ಸಾಲಿಗೆ ಬೆರಳಿಟ್ಟು, “ಪಿಯರ್ ಹಣ್ಣು ಕಣ್ರೀ. ಆದ್ರೆ ದಯವಿಟ್ಟು ಪುಸ್ತಕದಲ್ಲಿ ಬಿಷಪ್ ಅಂತಲೇ ಹಾಕಿ. ತಾತನಿಗೆ ಆ ಮನುಷ್ಯನ್ನ ಕಂಡರೆ ಆಗ್ತಿರಲಿಲ್ಲ.”

ಹೆಸ್ಟರ್ ನಕ್ಕಳು. ಎಷ್ಟು ಕಾಲದ ಮೇಲೆ ನಕ್ಕಳೋ, ಕೆನ್ನೆ ನೋಯಿತು. ತಲೆಯೆತ್ತಿದಾಗ ಅವನು ಪತ್ರವನ್ನು ನೋಡುತ್ತಿರಲಿಲ್ಲ. ಅವಳ ನಗುವನ್ನು, ಯಾರೋ ದಾರಿಯಲ್ಲಿ ಬೀಳಿಸಿಹೋದ ವಸ್ತುವನ್ನು ನೋಡುವವನಂತೆ, ಎತ್ತಿಕೊಳ್ಳಬಹುದೋ ಬಾರದೋ ಎಂಬಂತೆ ನೋಡುತ್ತಿದ್ದ. ಕಣ್ಣು ಕೂಡಿದ್ದೇ ಕನ್ನಡಕ ಇಳಿಸಿ, “ನಿಮ್ಮ ಚಹಾ ಆರಿಹೋಗುತ್ತೆ” ಎಂದು ಬಾಗಿಲ ಕಡೆ ನಡೆದ. ಬಾಗಿಲ ಆಚೆ ಅವನು ಕೆಮ್ಮಿದ್ದು ಕೇಳಿಸಿತು.

ಅವನು ಹೀಗೆ ಓಡುವುದು ಯಾಕೆ? ಹೆಸ್ಟರ್ ಎಷ್ಟು ತರದಲ್ಲಿ ಯೋಚಿಸಿದರೂ ಉತ್ತರ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. ಹೊರಗಿನವಳೊಬ್ಬಳು ತಿಂಗಳುಗಟ್ಟಲೆ ಮನೆಯಲ್ಲಿ ಠಿಕಾಣಿ ಹೂಡಿದರೆ ಯಾರಿಗಾದರೂ ಸಾಕೆನಿಸುತ್ತದೆ. ಸಭ್ಯ ಮನುಷ್ಯ, ಬಾಯಿಬಿಟ್ಟು ಹೇಳಲಾರ.

*

ಥಿಯೋಡೋರಾಳ ಪತ್ರಗಳು ಕ್ರಿಸ್‌ಮಸ್ಸಿಗೆ ಮೊದಲೇ ಮುಗಿಯುವುದರಲ್ಲಿದ್ದವು. ಹೆಸ್ಟರ್ ನಿಧಾನ ಮಾಡತೊಡಗಿದಳು. ನಕಲು ಮಾಡಿದ್ದನ್ನೇ ಮತ್ತೆ ತಾಳೆ ನೋಡಿದಳು. ಅಲ್ಪವಿರಾಮಗಳನ್ನು ಕೂಡ ಬಿಡಲಿಲ್ಲ. ಆದರೂ ಕಟ್ಟಿನ ತಳ ಕಂಡಿತು. ಅಂದು ನಾಲ್ಕು ಗಂಟೆಗೆ, ಮುಗಿಯಿತು ಎಂದು ಹೇಳಲು ಅವಳು ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಗಾಡ್ಫ್ರಿ ಚಹಾದ ಜೊತೆ ಒಂದು ಬಿಸ್ಕತ್ತಿನ ಡಬ್ಬಿ ತಂದ.

“ಅಟ್ಟದ ಮೇಲೆ ಸಿಕ್ತು. ಏನಾದ್ರೂ ಇರಬಹುದೇನೋ.”

ಅದರಲ್ಲಿ ನಿಜವಾಗಿಯೂ ಥಿಯೋಡೋರಾಳ ಏಳೆಂಟು ಪತ್ರಗಳಿದ್ದವು. ಹೊಸ ವರ್ಷದ ನಂತರ ಟೋಪಿಯ ಪೆಟ್ಟಿಗೆ ಬಂತು. ಅದರಲ್ಲಿ ಒಂದೇ ಒಂದು. ಅದರ ಮುಂದಿನ ಪೆಟ್ಟಿಗೆಯಲ್ಲಿದ್ದದ್ದು ಬೀಜದ ವ್ಯಾಪಾರಿಗಳ ಪತ್ರಗಳು. ಅದರ ಮುಂದಿನದರಲ್ಲಿ ಚಿಮಣಿ ಗುಡಿಸುವವನು, ಕುದುರೆ ಡಾಕ್ಟರು, ಯಾರೋ ದೂರದ ಸೋದರತ್ತೆ. ಹೆಸ್ಟರ್ ಎಲ್ಲವನ್ನೂ ಓದಿದಳು. ಎಲೆಕೋಸಿನ ಬೀಜದ ಬಗ್ಗೆ ಟಿಪ್ಪಣಿ ಬರೆದಳು.

ಮನೆಗೆಲಸದ ಮಿಸೆಸ್ ಗಿಟಿನ್ಸ್ ಒಲೆಗೆ ಸೌದೆ ತುಂಬಲು ಬಂದಾಗ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಈ ಮನೆಯಲ್ಲೇ ಕೂದಲು ಬೆಳ್ಳಗಾದವಳು, ಯಾರ ಮುಲಾಜೂ ಇಲ್ಲ.

“ಇನ್ನೂ ಮುಗೀಲಿಲ್ವಾ ತಾಯಿ, ಆ ಅಮ್ಮನ ಕಾಗದ?”

“ಇನ್ನೂ ಸ್ವಲ್ಪ ಇದೆ, ಮಿಸೆಸ್ ಗಿಟಿನ್ಸ್.”

“ನಮ್ಮ ಯಜಮಾನ್ರು ಅಟ್ಟ ಗುಡಿಸಿ ಗುಂಡಾಂತರ ಮಾಡ್ತಾ ಅವ್ರೆ. ಇಪ್ಪತ್ತು ವರ್ಷದಿಂದ ಕ್ಲೀನ್ ಮಾಡ್ಸಿ ಅಂತ ಬಡ್ಕೊಂಡೆ, ಕಿವಿಗೆ ಹಾಕ್ಕೊಳ್ಳಿಲ್ಲ. ಈಗ ನೋಡಿ, ದಿನಾ ಏಣಿ ಹತ್ತೋದೇ ಹತ್ತೋದು.”

“ನನ್ನಿಂದ ಅವರಿಗೆ ಎಷ್ಟು ತೊಂದರೆ.”

“ಹೂಂ, ಭಾಳ ತೊಂದರೆ” ಎಂದಳು ಮಿಸೆಸ್ ಗಿಟಿನ್ಸ್, ಸೌದೆ ಒಳಗೆ ತುರುಕುತ್ತ. “ಮುಂಚೆ ಸಿಳ್ಳೆ ಹೊಡೀತಿರ್ಲಿಲ್ಲ. ಈಗ ಅದೂ ಕೇಳ್ಬೇಕು ನಾನು.”

“ಬೆಳಿಗ್ಗೆ ಪೆನ್ಸಿಲ್ ಎಲ್ಲಾ ಕೆತ್ತಿಡ್ತೀರಲ್ಲ, ಥ್ಯಾಂಕ್ಸ್ ಹೇಳ್ಬೇಕು ಅಂತ ದಿನಾ ಅಂದ್ಕೋತೀನಿ.”

“ನಾನಾ? ನನಗೆ ಆಲೂಗಡ್ಡೆ ಹೆರೆಯಕ್ಕೇ ಪುರುಸೊತ್ತಿಲ್ಲ ಕಣಮ್ಮ” ಎಂದು ಆಕೆ ಬಾಗಿಲು ದಡಾರನೆ ಎಳೆದುಕೊಂಡು ಹೋದಳು.

ಹೆಸ್ಟರ್ ಒಂದು ಪೆನ್ಸಿಲನ್ನು ಎತ್ತಿ ಅದರ ತುದಿಯನ್ನು ಬಹಳ ಹೊತ್ತು ನೋಡಿದಳು. ಸಣ್ಣ ಚಾಕುವಿನಿಂದ, ಅವಸರವಿಲ್ಲದೆ, ಸುತ್ತಲೂ ಒಂದೇ ಸಮನಾಗಿ ಕೆತ್ತಿದ್ದು. ಅದರಲ್ಲಿ ಹೆಚ್ಚೇನನ್ನೂ ಓದಬಾರದು ಎಂದುಕೊಂಡಳು. ಇಲ್ಲದ್ದನ್ನು ಓದುವುದು ಅವಳ ವೃತ್ತಿಯ ಮೊದಲ ಪಾಪ.

ಫೆಬ್ರವರಿಯಲ್ಲಿ ಪ್ರಕಾಶಕರ ಕಡೆಯ ಹುಡುಗಿ ಬೇಕರಿಗೆ ಫೋನ್ ಮಾಡಿದಳು. “ಪ್ರೇಮ ಇದೆಯಾ ಮೇಡಂ? ಒಂದು ಸಾಲಾದ್ರೂ?”

“ಚರಂಡಿ ಇದೆ” ಎಂದಳು ಹೆಸ್ಟರ್. “ಜೇನು ಇದೆ.”

ಆ ಕಡೆ ನಿಟ್ಟುಸಿರು. ಸರಿ, ಇದ್ದಷ್ಟನ್ನು ಈ ವಾರದ ಕೊನೆಗೆ ಕಳಿಸಿಬಿಡಿ, ಎಡಿನ್‌ಬರೋದಲ್ಲಿ ಒಬ್ಬ ಕವಿಯ ಪತ್ರಗಳು ಕಾಯುತ್ತಿವೆ, ಮೂರು ವರ್ಷದ ಕೆಲಸ, ಸೋಮವಾರದ ಹೊತ್ತಿಗೆ ಅಲ್ಲಿರಬೇಕು ಎಂದಳು. ಇನ್ನೊಬ್ಬ ಸತ್ತವನು. ಇನ್ನೊಂದು ಬಾಡಿಗೆ ಕೋಣೆ. ಹೆಸ್ಟರ್ ಆಗಲಿ ಎಂದಳು. ಆಗುವುದಿಲ್ಲ ಎನ್ನಲು ಕಾರಣ ಬೇಕಲ್ಲ. ಇದ್ದ ಒಂದೇ ಕಾರಣ ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಎದುರಿಗೆ ಹೇಳಬೇಕಾದವನಿಗೆ ಹೇಳುವಂಥದ್ದೂ ಆಗಿರಲಿಲ್ಲ.

ಮರುದಿನ ಚಹಾ ತಂದಾಗ ಎಡಿನ್‌ಬರೋದ ಕೆಲಸದ ಸುದ್ದಿ ಅವನಿಗೆ ತಿಳಿಸಿದಳು. “ಶುಕ್ರವಾರ ನನ್ನ ಕೊನೆಯ ದಿನ, ಮಿಸ್ಟರ್ ಹ್ಯಾವರ್ಗಲ್. ನಿಮ್ಮ ಮನೆ ನಿಮಗೆ ವಾಪಸ್ ಸಿಗುತ್ತೆ.”

ಹೇಳಿ ಅವನ ಮುಖ ನೋಡಿದಳು. ಏನಾದರೊಂದು ಅಲುಗೀತೇ ಎಂದು ನೋಡಿದಳು.

“ಖಂಡಿತ” ಎಂದ ಅವನು. “ಖಂಡಿತ, ಖಂಡಿತ. ಎಡಿನ್‌ಬರೋ ಚೆನ್ನಾಗಿರುತ್ತೆ ಅಂತಾರೆ.” ತಟ್ಟೆಯನ್ನು ಮೇಜಿನ ಮೇಲಿಡುವ ಬದಲು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಹೊರಟುಹೋದ. ಅವಳಿಗೆ ಅಂದು ಚಹಾ ಇಲ್ಲ.

*

ಶುಕ್ರವಾರ ಬೆಳಿಗ್ಗೆ ಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆ ಕಾದಿತ್ತು. ಸಣ್ಣ ತಗಡಿನ ಪೆಟ್ಟಿಗೆ. ಪಕ್ಕದಲ್ಲಿ ಒಂದು ಚೀಟಿ: “ಇದೇ ಕೊನೆಯದು. ನೋಡಲೇಬೇಕೆಂದಿಲ್ಲ. ತೊಂದರೆಗೆ ಕ್ಷಮಿಸಿ. ಜಿ. ಎಚ್.”

ಹೆಸ್ಟರಳಿಗೆ ದಣಿವು ಮೂಳೆಗೆ ಇಳಿದಂತಿತ್ತು. ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಒಲೆ ಎಂದಿಗಿಂತ ಹೆಚ್ಚು ಉರಿಯುತ್ತಿತ್ತು, ಮೇಜರ್ ಗೊರಕೆ ಹೊಡೆಯುತ್ತಿತ್ತು. ತನ್ನ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿ, ಕೋಟು ತೊಟ್ಟುಕೊಂಡ ಮೇಲೆ, ಬಿಟ್ಟುಹೋದರೆ ಚೆನ್ನಾಗಿರದೆಂದು ಪೆಟ್ಟಿಗೆಯ ಮುಚ್ಚಳ ತೆರೆದಳು.

ಒಳಗಿದ್ದದ್ದು ಕರ್ನಲ್‌ನ ಕಾಲದ ಕಾಗದವೇ ಅಲ್ಲ. ರೂಲು ಹಾಕಿದ ಶಾಲೆಯ ಹಾಳೆಗಳು. ಗುಂಡಗಿನ, ಕಷ್ಟಪಟ್ಟು ಸಾಲು ಹಿಡಿದ ಅಕ್ಷರ. ಹಾಸ್ಟೆಲ್ ಶಾಲೆಗೆ ಸೇರಿಸಿದ ಎಂಟು ವರ್ಷದ ಹುಡುಗನೊಬ್ಬ ತಾಯಿಗೆ ಬರೆದವು. ಅಟ್ಟದಲ್ಲಿ ಪೆಟ್ಟಿಗೆಗಳು ಮುಗಿದುಹೋಗಿ, ಕೈಗೆ ಸಿಕ್ಕಿದ್ದನ್ನು ಒಳಗೆ ನೋಡದೆಯೇ ಹೊತ್ತು ತಂದಿದ್ದಾನೆ ಎಂದು ಅವಳಿಗೆ ತಕ್ಷಣ ತಿಳಿಯಿತು. ಮುಚ್ಚಿಬಿಡಬೇಕಾಗಿತ್ತು. ಆದರೆ ಅವಳ ಕಣ್ಣು ಎಷ್ಟೋ ವರ್ಷಗಳಿಂದ ತಾನಾಗಿ ಓದುವ ಕಣ್ಣು.

“ಪ್ರೀತಿಯ ಅಮ್ಮ, ನಾನು ಚೆನ್ನಾಗಿದ್ದೇನೆ. ಚಳಿಗೆ ಬೆರಳು ಒಡೆದಿದ್ದು ಈಗ ವಾಸಿ. ಕೈಗವಸು ಕಳಿಸುವ ತೊಂದರೆ ತೆಗೆದುಕೊಳ್ಳಬೇಡ. ನನ್ನ ಹತ್ತಿರ ಇದ್ದದ್ದನ್ನು ಇನ್ನೊಬ್ಬ ಹುಡುಗನಿಗೆ ಕೊಟ್ಟೆ, ಅವನಿಗೆ ನನಗಿಂತ ಹೆಚ್ಚು ಚಳಿಯಾಗುತ್ತದೆ. ನನಗೆ ಚಳಿಯೇ ಆಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ. ನಿನ್ನ ಮಗ, ಗಾಡ್ಫ್ರಿ.”

ಹೆಸ್ಟರ್ ಆ ಹಾಳೆಯನ್ನು ಎರಡು ಸಲ ಓದಿದಳು. ಸಾವಿರಾರು ಪತ್ರ ಓದಿದವಳಿಗೆ ಕಣ್ಣು ಮಂಜಾಗುವುದು ಮರೆತೇಹೋಗಿತ್ತು. ಈಗ ಮಂಜಾಯಿತು. ಅದೇ ಹೊತ್ತಿಗೆ ದೂರದಿಂದ, ಮನೆಯ ಹಿಂಬದಿಯಿಂದ, ಒಂದು ಕೆಮ್ಮು ಕೇಳಿಸಿತು. ಇಡೀ ಚಳಿಗಾಲ ಕೇಳಿದ ಕೆಮ್ಮು.

ಎದ್ದಳು. ಅವನ ಪತ್ರಗಳನ್ನು ಅವನ ಕೈಗೇ ಕೊಟ್ಟು ಹೋಗಬೇಕು, ಅಷ್ಟೆ, ಎಂದು ತನಗೆ ತಾನೇ ಹೇಳಿಕೊಂಡಳು.

ಕಾರಿಡಾರಿನಲ್ಲಿ ಮಿಸೆಸ್ ಗಿಟಿನ್ಸ್ ಎದುರಾದಳು. “ಯಜಮಾನರು ಎಲ್ಲಿ?”

“ಇನ್ನೆಲ್ಲಿ, ಬೂಟಿನ ಕೋಣೇಲಿ. ಅಕ್ಟೋಬರಿಂದ ಅಲ್ಲೇ ಅಲ್ವಾ ವಾಸ.”

“ಬೂಟಿನ ಕೋಣೆಯಲ್ಲಾ? ಯಾಕೆ?”

ಮಿಸೆಸ್ ಗಿಟಿನ್ಸ್ ಅವಳನ್ನು, ಇಷ್ಟು ಓದಿದವಳಿಗೆ ಇದನ್ನೂ ಹೇಳಬೇಕೇ ಎಂಬಂತೆ ನೋಡಿದಳು. “ಈ ಮನೇಲಿ ಸರಿಯಾದ ಒಲೆ ಇರೋದು ಒಂದೇ ರೂಮಲ್ಲಿ ತಾಯಿ. ಅವರು ಚಳಿಗಾಲ ಕಳೆಯೋದು ಅಲ್ಲೇ. ಊಟ, ಪೇಪರು, ನಾಯಿ, ಎಲ್ಲಾ ಅಲ್ಲೇ. ಈ ಸಲ ನಿಮಗೆ ಕೊಟ್ರು. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಂತ ಬೇರೆ ಅಂದ್ರು. ಹೋದ್ರೆ ಹೋಗ್ಲಿ, ನನಗೂ ಸಾಕಾಗದೆ.”

*

ಬೂಟಿನ ಕೋಣೆಯ ನೆಲ ಕಲ್ಲಿನದು. ಗೋಡೆಗೆ ಒರಗಿ ಕೆಸರು ಬೂಟುಗಳು, ಮುರಿದ ಕೊಡೆಗಳು. ಮಧ್ಯದಲ್ಲಿ ಒಂದು ಅಡುಗೆಮನೆಯ ಕುರ್ಚಿ. ಗಾಡ್ಫ್ರಿ ಓವರ್‌ಕೋಟು ತೊಟ್ಟು, ಅದರ ಮೇಲೆ ಕಂಬಳಿ ಹೊದ್ದು, ಬೆರಳ ತುದಿ ಕತ್ತರಿಸಿದ ಕೈಗವಸಿನಲ್ಲಿ ಪೇಪರ್ ಹಿಡಿದು ಕೂತಿದ್ದ. ಅವಳನ್ನು ಕಂಡು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಎದ್ದು ನಿಂತ.

“ನೀವು ಇಲ್ಲಿ ಕೂತಿದ್ರಾ? ಇಡೀ ಚಳಿಗಾಲ?”

“ಇಲ್ಲ ಇಲ್ಲ… ಅಂದ್ರೆ, ಹೌದು. ಇಲ್ಲಿ ಆರಾಮವಾಗಿದೆ.”

“ನಿಮ್ಮ ಬಾಯಿಂದ ಹೊಗೆ ಬರ್ತಿದೆ.”

“ಮಾತಾಡಿದಾಗ ಮಾತ್ರ.”

“ಮಿಸ್ಟರ್ ಹ್ಯಾವರ್ಗಲ್!” ಹೆಸ್ಟರಳ ಧ್ವನಿ ಅವಳಿಗೇ ಗುರುತು ಸಿಗದಷ್ಟು ಏರಿತು. “ನಾನು ಅಲ್ಲಿ ಬೆಂದು ಹೋಗ್ತಿದ್ದೆ. ನಾಲ್ಕು ತಿಂಗಳು! ಆ ಒಲೆ ಕಾಗದಗಳಿಗೋಸ್ಕರ ಅಂದುಕೊಂಡು ಬಾಯಿ ಮುಚ್ಕೊಂಡು ಕೂತಿದ್ದೆ. ದಿನಾ ಮನೆಗೆ ಹೋಗಿ ಬಟ್ಟೆ ಹಿಂಡ್ತಿದ್ದೆ ನಾನು!”

ಅವನ ಮುಖದಲ್ಲಿ ಗಾಬರಿ ಮೂಡಿತು. “ನಿಮಗೆ ಹಾಗಿದ್ರೇ ಇಷ್ಟ ಅಂದಿರಲ್ಲ?”

“ನೀವು ಆ ಕೋಣೆ ಬಳಸೋದೇ ಇಲ್ಲ ಅಂದಿರಲ್ಲ?”

ಮೊದಲು ನಕ್ಕದ್ದು ಅವನು. ನಗು ಕೆಮ್ಮಿಗೆ ತಿರುಗಿ, ಅವಳು ಬೆನ್ನು ತಟ್ಟಲು ಕೈಯೆತ್ತಿ, ಸಂಕೋಚವಾಗಿ, ಬಳಿಕ ತಟ್ಟಿಯೇ ತಟ್ಟಿದಳು. ಓವರ್‌ಕೋಟಿನ ಕೆಳಗೆ ಅವನ ಬೆನ್ನುಮೂಳೆ ಕೈಗೆ ಸಿಕ್ಕಿತು. ಆಗ ಅವಳಿಗೆ ನಗುವ ಬದಲು ಅಳು ಬಂತು.

“ನನ್ನನ್ನ ಕಂಡ್ರೆ ನಿಮಗೆ ಆಗಲ್ಲ ಅಂದುಕೊಂಡಿದ್ದೆ. ಚಹಾ ಇಟ್ಟ ತಕ್ಷಣ ಓಡಿಹೋಗ್ತಿದ್ರಿ.”

“ಅಲ್ಲೇ ಇನ್ನೊಂದು ನಿಮಿಷ ನಿಂತಿದ್ರೆ ಒಲೆ ಹತ್ತಿರ ಕೂತುಬಿಡ್ತಿದ್ದೆ. ಕೂತಿದ್ರೆ ಏಳ್ತಿರಲಿಲ್ಲ.” ಆಮೇಲೆ ಸೇರಿಸಿದ: “ಒಲೆಗೋಸ್ಕರ ಮಾತ್ರ ಅಲ್ಲ.”

ಹೆಸ್ಟರ್ ತಗಡಿನ ಪೆಟ್ಟಿಗೆಯನ್ನು ಮುಂದೆ ಹಿಡಿದಳು. “ಇದು ನಿಮ್ಮದು. ನೋಡದೆ ಕೊಟ್ಟಿದ್ದೀರಿ. ಒಂದನ್ನ ಓದಿಬಿಟ್ಟೆ. ಕ್ಷಮಿಸಿ.”

ಅವನು ಒಳಗೆ ಇಣುಕಿದ. ಕಿವಿಯವರೆಗೆ ಕೆಂಪಾದ. “ಅಟ್ಟದಲ್ಲಿ ಬೇರೇನೂ ಉಳಿದಿರಲಿಲ್ಲ” ಎಂದ ಮೆಲ್ಲಗೆ. “ಕಳೆದ ವಾರವೇ ಎಲ್ಲಾ ಮುಗಿದಿತ್ತು. ನಿಮಗೆ ಕೊಡೋದಕ್ಕೆ… ಏನಾದ್ರೂ ಇದ್ರೆ ನೀವು ಇರ್ತೀರಿ ಅಂತ.”

“ನಾನೂ ಇರೋದಕ್ಕೇ ನೆಪ ಹುಡುಕ್ತಿದ್ದೆ.”

“ನೀವಾ?”

“ಎಲೆಕೋಸಿನ ಬೀಜದ ವ್ಯಾಪಾರಿ ಪತ್ರಗಳನ್ನ ನಾನು ಎರಡೆರಡು ಸಲ ಓದಿದ್ದು ಯಾಕೆ ಅಂದುಕೊಂಡ್ರಿ?”

“ನೀವು ತುಂಬಾ ಶ್ರದ್ಧೆಯವರು ಅಂದುಕೊಂಡೆ.”

ಹೆಸ್ಟರ್ ಅಡುಗೆಮನೆಯ ಆ ಕುರ್ಚಿಯ ಮೇಲೆ ಕೂತುಬಿಟ್ಟಳು. “ಗಾಡ್ಫ್ರಿ” ಎಂದಳು. ಆ ಹೆಸರನ್ನು ಅವಳು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. “ನನಗೆ ಸುಸ್ತಾಗಿದೆ. ನಿಮ್ಮ ತಾತನಿಗೆ ಥಿಯೋಡೋರಾ ಮೂವತ್ತು ವರ್ಷ ಬರೆದರು. ಪ್ರೀತಿ ಇತ್ತೋ ಇಲ್ಲವೋ ಅಂತ ಎಲ್ಲರೂ ನನ್ನನ್ನ ಕೇಳ್ತಾರೆ. ನನಗೆ ಗೊತ್ತಿಲ್ಲ. ಯಾರಿಗೂ ಯಾವತ್ತೂ ಗೊತ್ತಾಗಲ್ಲ. ಇಬ್ಬರೂ ತೊಂದರೆ ಕೊಡಬಾರದು ಅಂತ ಅಂದುಕೊಂಡೇ ಮಣ್ಣು ಸೇರಿದರು. ಸತ್ತವರು ಹೇಳದೆ ಬಿಟ್ಟಿದ್ದನ್ನ ಹುಡುಕಿ ಹುಡುಕಿ ನನಗೆ ಸಾಕಾಗಿದೆ. ಬದುಕಿರೋರು ಯಾರಾದ್ರೂ ಒಂದು ಮಾತು ಹೇಳಿದ್ರೆ ಕೇಳಿಸ್ಕೊಂಡು ಹೋಗ್ತೀನಿ.”

ಅವನು ಒಂದು ಕೆಸರು ಬೂಟನ್ನು ಕಾಲಿನಿಂದ ಸರಿಸಿ ನೇರ ಮಾಡಿದ. ಅವಳು ಕಾದಳು. ಈ ಸಲ “ಇರಲಿ ಬಿಡಿ” ಎಂದು ಅವನಿಗೆ ಸಹಾಯ ಮಾಡಲಿಲ್ಲ.

“ನನಗೆ ಇದೆಲ್ಲ ಬರೋದಿಲ್ಲ” ಎಂದ ಕೊನೆಗೆ. “ಬೆಳಿಗ್ಗೆ ನಿಮ್ಮ ಆ ಹಾಳು ಕಾರಿನ ಸದ್ದು ಕೇಳೋವರೆಗೆ ನನಗೆ ಬೆಳಗಾದ ಹಾಗೆ ಅನ್ನಿಸೋದಿಲ್ಲ. ಸಂಜೆ ಅದು ಗೇಟು ದಾಟಿದ ಮೇಲೆ ಮಾಡೋದಕ್ಕೆ ಏನೂ ಇರೋದಿಲ್ಲ. ಭಾನುವಾರಗಳು ಬಹಳ ಕಷ್ಟ. ಇಷ್ಟು ಸಾಕಾ?”

“ಇನ್ನೂ ಸ್ವಲ್ಪ.”

ಅವನು ಕೈಗವಸುಗಳನ್ನು ಕಳಚಿದ. ಯಾಕೆ ಕಳಚಿದನೋ ಅವನಿಗೇ ತಿಳಿಯದಂತಿತ್ತು. ಬರಿಗೈಯಲ್ಲಿ ಅವಳ ಕೈ ಹಿಡಿದ. ಅವನ ಬೆರಳುಗಳು ಮಂಜುಗಡ್ಡೆಯಂತಿದ್ದವು.

“ಹೋಗಬೇಡಿ, ಹೆಸ್ಟರ್. ಕೊಡೋದಕ್ಕೆ ಪತ್ರ ಇಲ್ಲ, ಪೆಟ್ಟಿಗೆ ಇಲ್ಲ, ನೆಪ ಒಂದೂ ಇಲ್ಲ. ಸುಮ್ಮನೆ, ನನಗೋಸ್ಕರ ಇರಿ. ನಿಮಗೆ ಇದರಿಂದ ತೊಂದರೆ ಆಗುತ್ತೆ ಅಂತ ಗೊತ್ತು. ಆದ್ರೂ ಕೇಳ್ತಾ ಇದೀನಿ.”

ಆ ಮನೆತನದಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿರಲಿಲ್ಲ. ಕೇಳುವುದು ಎಷ್ಟು ಕಷ್ಟವಾಯಿತೆಂದು ಹೆಸ್ಟರಳಿಗೆ ಗೊತ್ತಾಯಿತು. ಅವಳು ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದಳು. ಮಕ್ಕಳ ಕೈಯನ್ನು ಉಜ್ಜುವಂತೆ, ಅವಸರವಿಲ್ಲದೆ, ಒಂದೊಂದೇ ಬೆರಳನ್ನು.

“ಎಡಿನ್‌ಬರೋದವರಿಗೆ ಫೋನ್ ಮಾಡ್ಬೇಕು” ಎಂದಳು.

“ಏನಂತ?”

“ಬರಲ್ಲ ಅಂತ.”

ಮಿಸೆಸ್ ಗಿಟಿನ್ಸ್ ಹನ್ನೊಂದರ ಚಹಾ ಹಿಡಿದು ಆ ಹೊತ್ತಿಗೆ ಬಾಗಿಲ ತನಕ ಬಂದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಚಳಿ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಇಬ್ಬರ ಮೂಗೂ ಕೆಂಪಾಗಿತ್ತು, ಇಬ್ಬರ ಉಸಿರೂ ಬಿಳಿಯಾಗಿ ಮೇಲೇರಿ ಒಂದರಲ್ಲೊಂದು ಬೆರೆಯುತ್ತಿತ್ತು. ಆದರೂ ಅಲ್ಲಿಂದ ಕದಲುವ ಮನಸ್ಸು ಇಬ್ಬರಿಗೂ ಇದ್ದಂತೆ ಕಾಣಲಿಲ್ಲ. ಆಕೆ ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ, ಈ ಮನೆಗೆ ಬಂದ ಮೇಲೆ ಮೊಟ್ಟಮೊದಲ ಬಾರಿಗೆ, ಬಾಗಿಲನ್ನು ಸದ್ದೇ ಆಗದಂತೆ ಎಳೆದುಕೊಂಡಳು. ಚಹಾ ಬೇಕಾದರೆ ಮತ್ತೆ ಮಾಡಿದರಾಯಿತು.